ಶೀರ್ಷಿಕೆಯಿಲ್ಲದ ಕಡತ: ಸ್ಕ್ಯಾನ್ ದತ್ತಾಂಶವನ್ನು ಪೈಥಾನ್ ಮೂಲಕ ಓದುವ ಕ್ರಮ

ಮೂಳೆಯ ಮಾದರಿಗಳನ್ನಾಗಲಿ, ಶಸ್ತ್ರಚಿಕಿತ್ಸೆಗೆ ಬೇಕಾದ ಲೋಹದ ಪಟ್ಟಿಗಳನ್ನಾಗಲಿ ರೋಗಿಯ ಅಳತೆಗೆ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಸಿ.ಟಿ. ಸ್ಕ್ಯಾನಿನ ದತ್ತಾಂಶವೇ ಕಚ್ಚಾ ಸಾಮಗ್ರಿ. ಅದು ಡೈಕಾಮ್ ಕಡತವಾಗಿ ಬಂದಲ್ಲಿ ತೊಡಕು ಕಡಿಮೆ. 1993ರಲ್ಲಿ ಈ ಹೆಸರಿನಿಂದ ಜಾರಿಗೆ ಬಂದ ಆ ಮಾನಕದ ಕಡತದಲ್ಲಿ ಚಿತ್ರದೊಂದಿಗೆ ಅದರ ಅಳತೆಯ ವಿವರಗಳೂ ಇರುತ್ತವೆ. ಆದರೆ ಕೆಲವೊಮ್ಮೆ 'ರಾ' ಕಡತ ಮಾತ್ರ ಕೈಸೇರುತ್ತದೆ. ಖಾತೆಯ ಹೆಸರು, ದಿನಾಂಕಗಳಿಲ್ಲದೆ ಬರೀ ಅಂಕಿಗಳನ್ನು ತುಂಬಿದ ವಹಿ ಹೇಗೋ ಇದೂ ಹಾಗೆ.

ಮೊದಲು ಮಾಡತಕ್ಕದ್ದು ಮೊತ್ತದ ತಾಳೆ. ಸಿ.ಟಿ.ಯ ಒಂದು ಪದರದಲ್ಲಿ ಸಾಮಾನ್ಯವಾಗಿ 512 ಅಡ್ಡಸಾಲು, 512 ಕಂಬಸಾಲುಗಳಿದ್ದು, ಪ್ರತಿ ಬಿಂದುವಿಗೆ 2 ಬೈಟ್ ತಗಲುತ್ತದೆ; ಎಂದರೆ ಪದರಕ್ಕೆ 5,24,288 ಬೈಟ್. ಕಡತದ ಗಾತ್ರ 5,24,28,800 ಬೈಟ್ ಇದ್ದರೆ ಅದರಲ್ಲಿ 100 ಪದರಗಳಿವೆಯೆಂದು ಊಹಿಸಬಹುದು. ಭಾಗಾಕಾರದಲ್ಲಿ ಶೇಷ ಉಳಿದರೆ ಆರಂಭದಲ್ಲಿ ಬೇರೆ ವಿವರ ಸೇರಿರಬಹುದು, ಇಲ್ಲವೇ ಊಹೆಯೇ ತಪ್ಪು.

ಪೈಥಾನ್‌ನಲ್ಲಿ ಕೆಲಸ ಕೆಲವೇ ಸಾಲುಗಳದು. ನಂಪೈ ಸಂಗ್ರಹದ 'ಫ್ರಮ್‌ಫೈಲ್' ಅಂಕಿಗಳನ್ನು ಓದುತ್ತದೆ. 'ರೀಶೇಪ್' ಅವನ್ನು ಪದರ, ಅಡ್ಡಸಾಲು, ಕಂಬಸಾಲು ಎಂಬ ಕ್ರಮದಲ್ಲಿ ಜೋಡಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ 'ಇಮ್‌ಶೋ' ಪರದೆಗೆ ತರುತ್ತದೆ. ಮೂರೂ ಉಚಿತ.

ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಹೇಳಲಾಗದು, ಇಲ್ಲಿಯೂ ಅಷ್ಟೇ. ಎರಡು ಬೈಟ್‌ಗಳಲ್ಲಿ ಯಾವುದು ಮೊದಲೆಂಬುದು ಅದಲುಬದಲಾದರೆ 1 ಎಂಬುದು 256 ಆಗುತ್ತದೆ, 1024 ಎಂಬುದು 4 ಆಗುತ್ತದೆ. ಚಿತ್ರ ಕಲಸಿದಂತೆ ಕಾಣುವುದರಿಂದ ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಋಣ ಚಿಹ್ನೆಯ ತಪ್ಪು ಇನ್ನೊಂದು ಬಗೆಯದು. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ –1000. ಚಿಹ್ನೆಯಿಲ್ಲದ 16 ಬಿಟ್ ಅಂಕಿಯೆಂದು ಓದಿದರೆ –1000 ಎಂಬುದು 64,536 ಆಗಿ, ಕಪ್ಪಾಗಿರಬೇಕಾದ ಗಾಳಿಯೇ ಅತ್ಯಂತ ಬೆಳ್ಳಗೆ ಹೊಳೆಯುತ್ತದೆ. ಸಾಲ ಜಮೆಯ ಕಡೆಗೆ ಹೋದಂತೆ!

ಪ್ರದರ್ಶನದ ವ್ಯಾಪ್ತಿಯನ್ನೂ ತಾವೇ ಗೊತ್ತುಪಡಿಸಬೇಕು. ಹೊಟ್ಟೆಯ ಮೃದು ಅಂಗಾಂಶಕ್ಕೆ ಕೇಂದ್ರ 40, ಅಗಲ 400 ಎಂಬುದು ರೂಢಿ. ಅದರಂತೆ ಕನಿಷ್ಠ –160, ಗರಿಷ್ಠ 240 ಎಂದು 'ಇಮ್‌ಶೋ'ಗೆ ತಿಳಿಸಬೇಕು. ಬೂದುವರ್ಣವನ್ನೂ ಕೇಳಿ ಪಡೆಯಬೇಕು, ಇಲ್ಲವಾದರೆ ಹಸಿರು-ಹಳದಿಯ ಚಿತ್ರ ಬರುತ್ತದೆ.

ನಷ್ಟಕ್ಕೆ ದಾರಿಯಾಗುವುದು ಬೇರೆಯೇ ಒಂದು ಸಂಗತಿ. ಬಿಂದುವಿನಿಂದ ಬಿಂದುವಿಗಿರುವ ಅಂತರ ರಾ ಕಡತದಲ್ಲಿ ಇರುವುದೇ ಇಲ್ಲ. ಅಂತರ 0.7 ಮಿ.ಮೀ. ಆದರೆ 100 ಬಿಂದುಗಳ ಮೂಳೆ 70 ಮಿ.ಮೀ.; 0.8 ಎಂದು ಊಹಿಸಿದರೆ 80 ಮಿ.ಮೀ. ಪರದೆಯ ಮೇಲೆ ಎರಡೂ ಒಂದೇ ಚಿತ್ರ. ಹತ್ತು ಮಿಲಿಮೀಟರ್ ಉದ್ದವಾದ ಪಟ್ಟಿಯನ್ನು ಯಾವ ಶಸ್ತ್ರವೈದ್ಯರೂ ಸ್ವೀಕರಿಸರು; ಸ್ವೀಕರಿಸಿದರೆ ಅಪಾಯ ರೋಗಿಗೆ. ಆದುದರಿಂದ ಬಿಂದುವಿನ ಅಂತರ, ಪದರಗಳ ಅಂತರ, ಅಂಕಿಯ ಬಗೆ, ಬೈಟ್‌ಗಳ ಕ್ರಮ ಇವಿಷ್ಟನ್ನೂ ದತ್ತಾಂಶ ಕೊಡುವವರಿಂದ ಲಿಖಿತವಾಗಿ ಪಡೆದ ಬಳಿಕವೇ ಕೆಲಸದ ಆದೇಶವನ್ನು ಒಪ್ಪಿಕೊಳ್ಳುವುದು ಕ್ಷೇಮ.

ಸಾಧ್ಯವಾದಲ್ಲಿ ಮೂಲ ಡೈಕಾಮ್ ಕಡತವನ್ನೇ ಕೇಳಬಹುದು. ಪೈಡೈಕಾಮ್ ಎಂಬ ಸಂಗ್ರಹ ಅದನ್ನು ಓದುತ್ತದೆ. ಆದರೆ ಅದರಲ್ಲಿ ರೋಗಿಯ ಹೆಸರು, ಜನ್ಮದಿನಾಂಕಗಳೂ ಇರಬಹುದಾದ್ದರಿಂದ, ಅವನ್ನು ತೆಗೆಸಿಯೇ ಕಾರ್ಖಾನೆಯ ಗಣಕಕ್ಕೆ ಇಳಿಸಿಕೊಳ್ಳಬೇಕು.