ಕಾನೂನು ಓದಿದವರಿಗೆ ಖಾನಾಪುರದಲ್ಲಿ ಕೆಲಸವಿದೆ

ಎಲ್‌ಎಲ್‌ಬಿ ಮುಗಿಸಿದವರು ಕರಿ ಕೋಟು ಹಾಕದಿದ್ದರೆ ಓದಿದ್ದು ದಂಡವಾಯಿತು ಎನ್ನುವ ಮಾತು ಬೆಳಗಾವಿಯಲ್ಲಿ ಇನ್ನೂ ಗಟ್ಟಿಯಾಗಿದೆ. ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ವಕೀಲರನ್ನೂ ನ್ಯಾಯಮೂರ್ತಿಗಳನ್ನೂ ಕೊಟ್ಟ ಊರಿದು, ಹಾಗಾಗಿ ಆ ಹೆಮ್ಮೆ ಸಹಜವೇ. ಆದರೆ ಕಾನೂನಿನ ಒಡನಾಟದಿಂದ ನಾನು ಕಲಿತದ್ದು ಬೇರೆ. ಜನಕ್ಕೆ ಕಾನೂನು ಬಲ್ಲವರು ಬೇಕಾಗುವುದು ದಾವೆ ಹೂಡುವುದಕ್ಕಿಂತ ಬಹಳ ಮುಂಚೆ, ಮತ್ತು ಆ ಹೊತ್ತಿಗೆ ಅವರ ಪಕ್ಕದಲ್ಲಿ ಹೆಚ್ಚಾಗಿ ಯಾರೂ ಇರುವುದಿಲ್ಲ.

ಬೆಳಗಾವಿ ಪಕ್ಕದ ಖಾನಾಪುರದ ಕಾಡಿನ ಊರುಗಳನ್ನೇ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವ, ಪರಿಶಿಷ್ಟ ಪಂಗಡಕ್ಕೆ ಸೇರದ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿದ್ದು ಅದನ್ನೇ ನೆಚ್ಚಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. 1930ರ ಕಾಗದ ಯಾರ ಮನೆಯಲ್ಲಿದೆ? ಇದ್ದರೂ ಅದು ಮುಂಬಯಿ ಪ್ರಾಂತದ ಕಾಲದ್ದು, ಮರಾಠಿಯಲ್ಲೋ ಮೋಡಿ ಲಿಪಿಯಲ್ಲೋ ಇರುತ್ತದೆ. ಆ ಕಾಯ್ದೆಯ ನಿಯಮಾವಳಿಯ ನಿಯಮ 13 ಓದಿದವರಿಗೆ ಮಾತ್ರ ದಾರಿ ಕಾಣುತ್ತದೆ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ, ಹಳೆಯ ಬಾವಿ, ಹೊಲದ ಬದು, ಸ್ಮಶಾನ, ದೇವರ ಜಾಗ ಎಲ್ಲವೂ ಪುರಾವೆ. ಗ್ರಾಮಸಭೆ ಅರ್ಜಿ ತಳ್ಳಿಹಾಕಿದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಹೋಗಬಹುದು. ಇದನ್ನು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಬಿಡಿಸಿ ಹೇಳಿ, ಅಜ್ಜನೊಬ್ಬನ ಮಾತನ್ನು ಸರ್ವೆ ನಂಬರಿಗೆ, ನಕಾಶೆಗೆ ತಾಳೆಯಾಗುವಂತೆ ಬರೆದುಕೊಡುವುದು ವಕೀಲಿಕೆಗಿಂತ ಕಿರಿದಾದ ಕೆಲಸ ಎಂದು ನಾನು ಒಪ್ಪಲಾರೆ.

ಹೊಟ್ಟೆಪಾಡು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರೀ ಹಳ್ಳಿಯ ಅರ್ಜಿಗಳಿಂದ ಸಂಸಾರ ಸಾಗದು. ಆದರೆ ನಗರದ ಪತ್ತಿನ ಸಹಕಾರಿ ಸಂಘಗಳಿಗೆ ಅಡವು ಪತ್ರ, ಉತಾರದಲ್ಲಿ ನಮೂದಾದ ಸಾಲದ ಬೋಜಾ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ ಓದಬಲ್ಲವರು ಬೇಕು; ಸಾಲ ವಸೂಲಿಯ ತಕರಾರುಗಳು 1959ರ ಸಹಕಾರಿ ಕಾಯ್ದೆಯ 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುತ್ತವೆ. ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನು ಬಲ್ಲವರು ಬೇಕು. ಇನ್ನು, ಸಿವಿಲ್ ಜಡ್ಜ್ ಆಗುವ ಆಸೆ ಇದ್ದವರು ಕೋರ್ಟು ಬಿಡುವಂತಿಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿದೆ. ಉಳಿದವರನ್ನು ಆ ಷರತ್ತು ಕಟ್ಟಿಹಾಕಬಾರದು. ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ವಕೀಲಿಕೆ ನಿಲ್ಲಿಸಿ ವಕೀಲರ ಪರಿಷತ್ತಿಗೆ ತಿಳಿಸಬೇಕು, ನಿಜ. ಆದರೆ ಬೋಧನೆ, ಪತ್ರಿಕಾ ಬರವಣಿಗೆಗೆ ಪರಿಷತ್ತಿನ ನಿಯಮಗಳೇ ಎಡೆ ಕೊಟ್ಟಿವೆ.

ಕರಿ ಕೋಟಿಲ್ಲದಿದ್ದರೆ ಮರ್ಯಾದೆಯಿಲ್ಲ ಎನ್ನುವ ಮಾತಿಗೆ ನಮ್ಮ ಭಾಗದ ಚರಿತ್ರೆಯೇ ಉತ್ತರ. ಆಲೂರು ವೆಂಕಟರಾಯರು ಧಾರವಾಡದಲ್ಲಿ ವಕೀಲಿಕೆ ಬಿಟ್ಟು ಕರ್ನಾಟಕದ ಏಕೀಕರಣಕ್ಕೆ ನಿಂತರು. ಎಲ್‌ಎಲ್‌ಬಿ ಓದಿದ ರಂಗರಾವ್ ದಿವಾಕರರು 1921ರಲ್ಲಿ 'ಕರ್ಮವೀರ' ಪತ್ರಿಕೆ ಕಟ್ಟಿದರು. ಅವರ ಓದು ದಂಡವಾಯಿತೆಂದು ಯಾರೂ ಹೇಳಿಲ್ಲ. ಈಗಿನ ಕಾನೂನು ವಿದ್ಯಾರ್ಥಿಗಳ ತರಬೇತಿಯ ಒಂದು ಭಾಗವನ್ನಾದರೂ ಹಿರಿಯ ವಕೀಲರ ಕಚೇರಿಯಿಂದ ಖಾನಾಪುರದ ತಹಶೀಲ್ದಾರ್ ಕಚೇರಿಗೆ, ಗ್ರಾಮಸಭೆಗೆ ವರ್ಗಾಯಿಸಬೇಕು. ಆ ದುಡಿಮೆಗೆ ಪಂಚಾಯಿತಿಯೋ ಕಾನೂನು ಸೇವಾ ಪ್ರಾಧಿಕಾರವೋ ತಕ್ಕ ಗೌರವಧನ ಕೊಡಬೇಕು.