ಮರದ ಮೇಲಿನ ಮನೆ: ಸಾಮಗ್ರಿಯ ವಿಚಾರ

ಮರವೇರುವ ಹಂಬಲ ಮಕ್ಕಳಿಗೆ ಸಹಜವಾದುದು. ಅದನ್ನು ತಡೆಯುವುದಕ್ಕಿಂತ ಸುರಕ್ಷಿತವಾದ ದಾರಿಗೆ ತಿರುಗಿಸುವುದು ಶಿಕ್ಷಣದ ಕಾರ್ಯ. ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವು ನಾಡಿನ ಶಾಲೆಗಳಿಗೆ ಸುಪರಿಚಿತ. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಶಿಬಿರದಿಂದ ಮೊಳೆತ ಈ ಚಳವಳಿಯಲ್ಲಿ ಗಳು ಹಗ್ಗಗಳಿಂದ ಅಟ್ಟಣೆ ಕಟ್ಟುವುದೂ ಒಂದು ಪಾಠ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಮಂಚಿಕೆ ಹಾಕುತ್ತಿದ್ದ ರೈತನಿಗೂ ಈ ವಿದ್ಯೆ ಹೊಸದಲ್ಲ. ಆದರೆ ಮಂಚಿಕೆ ಒಂದು ಸುಗ್ಗಿಗೆ, ಶಿಬಿರದ ಅಟ್ಟಣೆ ಕೆಲವು ದಿನಗಳಿಗೆ. ಹಿತ್ತಲಿನ ಅಥವಾ ಶಾಲೆಯಂಗಳದ ಮರಮನೆ ಹಲವು ಮಳೆಗಾಲ ಬಾಳಬೇಕು. ಆದುದರಿಂದ ಸಾಮಗ್ರಿಯ ಪಟ್ಟಿ ಮೊದಲೇ ಸಿದ್ಧವಾಗಬೇಕು.

ಮೊದಲನೆಯದು ಜೀವಂತ ಮರ. ಹುಣಿಸೆ, ಮಾವು, ಬೇವು ಯೋಗ್ಯ. ನುಗ್ಗೆಯ ಕೊಂಬೆ ಸುಲಭವಾಗಿ ಮುರಿಯುತ್ತದೆ. ಕಾಂಡದ ಅಡ್ಡಳತೆ 1 ಅಡಿಗೆ ಕಡಮೆಯಿರದೆ, ಪೊಟರೆ, ಅಣಬೆಗಳಿಲ್ಲದಿರಲಿ.

ಎರಡನೆಯದು ತೊಲೆ, ಹಲಗೆ. ತಲಾ 30 ಕಿಲೋ ತೂಕದ 4 ಮಕ್ಕಳ ಭಾರ 120 ಕಿಲೋ. ಕುಣಿತ, ಗಾಳಿಗಳನ್ನು ಗಣಿಸಿ ನಾಲ್ಕು ಪಟ್ಟು, ಅಂದರೆ 480 ಕಿಲೋ ತಾಳುವಂತೆ ತೊಲೆಗಳನ್ನು ಆರಿಸುವುದು ಲೇಸು. ಬಿದಿರಾದರೆ ಮೂರು ವರ್ಷ ಬಲಿತಿರಬೇಕು. ಎಳೆಯದಕ್ಕೆ ಹುಳು ಬೇಗ ತಗಲುತ್ತದೆ.

ಮೂರನೆಯದು ಬೋಲ್ಟು. ಎಲೆಗಳು ತಯಾರಿಸಿದ ಆಹಾರ ತೊಗಟೆಯ ಒಳಪದರದ ಮೂಲಕ ಬೇರಿಗಿಳಿಯುತ್ತದೆ. ಕಾಂಡಕ್ಕೆ ತಂತಿ ಸುತ್ತಿ ಬಿಗಿದರೆ, ಮರ ದಪ್ಪವಾದಂತೆ ಆ ಹರಿವು ನಿಂತು ಮರವೇ ಸಾಯಬಹುದು. ಹತ್ತಾರು ಮೊಳೆಗಳಿಗಿಂತ ಸತುವಿನ ಲೇಪವುಳ್ಳ ಒಂದೆರಡು ದಪ್ಪ ಬೋಲ್ಟುಗಳು ಮೇಲು. ಎರಡು ಮರಗಳಿಗೆ ತೊಲೆ ಹಾಯಿಸಿದಲ್ಲಿ ಒಂದು ತುದಿ ಜಾರುವಂತಿರಬೇಕು. ಗಾಳಿಗೆ ಎರಡೂ ಒಂದೇ ಬಗೆಯಲ್ಲಿ ತೂಗುವುದಿಲ್ಲ.

ನಾಲ್ಕನೆಯದು ಕಟಕಟೆ. ಎತ್ತರ 3 ಅಡಿ. ಸರಳುಗಳ ನಡುವಣ ಸಂದು ಮೂರೂವರೆ ಅಂಗುಲ ಮೀರಿದರೆ ಮಗುವಿನ ದೇಹ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವುಂಟು.

ಐದನೆಯದು, ಬಹುಮಂದಿ ಮರೆಯುವುದು, ಮರಳು. ಅಟ್ಟಣೆ 6 ಅಡಿಗಿಂತ ಎತ್ತರವಾಗದಿರಲಿ. ಅದರ ಕೆಳಗೂ ಸುತ್ತ 6 ಅಡಿ ಅಗಲಕ್ಕೂ ಕಲ್ಲು ಆಯ್ದು, 1 ಅಡಿ ದಪ್ಪ ಸಡಿಲ ಮರಳು ಹರಡಬೇಕು. ಎಷ್ಟೇ ಎಚ್ಚರವಿದ್ದರೂ ಮಗು ಒಮ್ಮೆ ಬೀಳಬಹುದು. ಆಗ ಕಾಯುವುದು ನೆಲವೇ.

ಹಳೆಯ ಕಟ್ಟಡದ ಹಲಗೆಗಳು ಮಕ್ಕಳ ಆಟಕ್ಕೆ ಸಾಕೆಂದು ಕೆಲವರು ಉದಾರವಾಗಿ ನೀಡುತ್ತಾರೆ. ಗೆದ್ದಲು ಒಳಗಿಂದ ತಿಂದುದು ಹೊರಗೆ ಕಾಣದು. ದಾಸೋಹದಲ್ಲಿ ಹಳಸಿದ ಅನ್ನ ಬಡಿಸುವುದಿಲ್ಲ. ಮಕ್ಕಳ ಕಾಲಡಿಗೆ ಹಳಸಿದ ಮರ ಒಡ್ಡುವುದೂ ಸಲ್ಲದು. ಗುಡುಗು ಕೇಳಿದೊಡನೆ ಮಕ್ಕಳನ್ನು ಇಳಿಸುವುದು, ವರ್ಷಕ್ಕೆರಡು ಬಾರಿ, ಮಳೆಗಾಲದ ಮೊದಲೂ ಅನಂತರವೂ, ತೊಲೆ ಬೋಲ್ಟುಗಳನ್ನು ಪರೀಕ್ಷಿಸುವುದು ಹಿರಿಯರ ಕಾಯಕ.