ಕ್ಯಾಮೆರಾ ಕಲಿಯುವ ಮಕ್ಕಳಿಗೆ: ಬೆಳಕಿನ ಲೆಕ್ಕ, ಸತ್ಯದ ಲೆಕ್ಕ



ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಂಥ ಹೋಬಳಿ ಕೇಂದ್ರದಲ್ಲೂ ಇಂದು ಕಾಲೇಜಿಗೆ ಹೋಗುವ ಮಕ್ಕಳ ಜೇಬಿನಲ್ಲಿ ಒಂದು ಕ್ಯಾಮೆರಾ ಇರುತ್ತದೆ. ಕೆಲವರಿಗೆ ಫೋನಿನ ಕ್ಯಾಮೆರಾ ಸಾಲದು. ದೊಡ್ಡ ಕ್ಯಾಮೆರಾ ಕೊಡಿಸಿ ಎಂದು ಮನೆಯಲ್ಲಿ ಕೇಳುತ್ತಾರೆ. ಮದುವೆ, ನಾಮಕರಣಗಳ ಚಿತ್ರ ತೆಗೆದು ನಾಲ್ಕು ಕಾಸು ಸಂಪಾದಿಸುವ ಆಸೆಯೂ ಅದರ ಹಿಂದೆ ಇರುತ್ತದೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ವಿದ್ಯೆಗೆ ಎರಡು ಪಾಠಗಳಿವೆ. ಮೊದಲನೆಯದು ಬೆಳಕನ್ನು ಅಳೆಯುವುದು. ಎರಡನೆಯದು ತೆಗೆದ ಚಿತ್ರವನ್ನು ತಿದ್ದುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು. ಮೊದಲನೆಯದನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಎರಡನೆಯದನ್ನು ಮನೆಯಲ್ಲೇ ಕಲಿಯಬೇಕಾಗಿದೆ. ಈ ವಾರ ಎರಡನ್ನೂ ಒಟ್ಟಿಗೆ ನೋಡೋಣ.

ಬೆಳಕನ್ನು ಕಲಿತ ಒಬ್ಬ ವಿದ್ಯಾರ್ಥಿ

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ. ಆಮೇಲೆ ಮುಂಬಯಿಗೆ ಹೋಗಿ, ಹಿರಿಯ ಛಾಯಾಗ್ರಾಹಕರ ಕೈಕೆಳಗೆ ದುಡಿದು, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿನಲ್ಲಿ, ಕತ್ತಲು ತುಂಬಿದ ಸ್ಟುಡಿಯೋದೊಳಕ್ಕೆ ಮೇಲಿನಿಂದ ಬಿಸಿಲಿನ ಕೋಲೊಂದು ಇಳಿಯುತ್ತದೆ. ಅದಕ್ಕಾಗಿ ಅವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ್ದರು. ಮುಂದೆ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಉಮಾ ರಾವ್ ಅವರು ಕನ್ನಡದಲ್ಲಿ ಬರೆದಿರುವ ಮೂರ್ತಿಯವರ ಜೀವನಕಥನದ ಹೆಸರೇ ‘ಬಿಸಿಲು ಕೋಲು’.

ಬಿಸಿಲು ಮತ್ತು ಕನ್ನಡಿ, ಇವೆರಡೂ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಮೂರ್ತಿಯವರಲ್ಲಿ ಇದ್ದದ್ದು ಬೆಳಕು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆ ಎಂಬ ತಿಳಿವಳಿಕೆ. ಕೊಳ್ಳುವ ಮೊದಲು ಕಲಿಯಬೇಕಾದದ್ದು ಇದನ್ನೇ. ಆದ್ದರಿಂದ ತಂದೆತಾಯಂದಿರಿಗೆ ಒಂದು ಮಾತು: ಸಾಲ ಮಾಡಿ ಹೊಸ ಕ್ಯಾಮೆರಾ ಕೊಡಿಸಬೇಕಾಗಿಲ್ಲ. ಸೆಟ್ಟಿಂಗುಗಳನ್ನು ಕೈಯಿಂದ ಬದಲಿಸಲು ಬರುವ ಹಳೆಯ ಕ್ಯಾಮೆರಾ ಒಂದಿದ್ದರೆ ಮೊದಲ ವರ್ಷಕ್ಕೆ ಸಾಕು.

ಮೂರು ಕೀಲಿಗಳು

ಚಿತ್ರದೊಳಕ್ಕೆ ಎಷ್ಟು ಬೆಳಕು ಬರಬೇಕು, ಅದನ್ನು ಎಷ್ಟು ಹೆಚ್ಚಿಸಿಕೊಳ್ಳಬೇಕು ಎಂಬುದನ್ನು ಮೂರು ಕೀಲಿಗಳು ನಿರ್ಧರಿಸುತ್ತವೆ. ಒಂದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಂಡಿಯ ಅಗಲ. ಎರಡು ಷಟರ್, ಅಂದರೆ ಆ ಬೆಳಕು ಒಳಗೆ ಬೀಳುವ ಹೊತ್ತು. ಮೂರು ಐಎಸ್‌ಒ, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸುತ್ತದೆ ಎಂಬ ಅಳತೆ.

ತೋಟಕ್ಕೆ ನೀರು ಹಾಯಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಳವೆ ದಪ್ಪವಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪಾತಿ ತುಂಬುತ್ತದೆ; ಸಣ್ಣದಿದ್ದರೆ ಹೆಚ್ಚು ಹೊತ್ತು ಬಿಡಬೇಕು. ಅಪರ್ಚರಿನ ಅಂಕಿಗಳು ಮಾತ್ರ ತಿರುವುಮುರುವು: ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು. ಎಫ್ 4, ಎಫ್ 5.6, ಎಫ್ 8, ಎಫ್ 11, ಎಫ್ 16 ಎಂದು ಒಂದೊಂದು ಮೆಟ್ಟಿಲು ಹತ್ತಿದಾಗಲೂ ಬೆಳಕು ಅರ್ಧಕ್ಕೆ ಇಳಿಯುತ್ತದೆ.

ಹಳೆಯ ಕಾಲದ ಛಾಯಾಗ್ರಾಹಕರು ಮೀಟರ್ ಇಲ್ಲದೆಯೇ ಬಳಸುತ್ತಿದ್ದ ಒಂದು ಲೆಕ್ಕವಿದೆ. ಸುಡುವ ಬಿಸಿಲಿನಲ್ಲಿ ಎಫ್ 16 ಇಟ್ಟು, ಐಎಸ್‌ಒ 100 ಇದ್ದರೆ ಷಟರ್ ಅನ್ನು ಸುಮಾರು 1/125 ಸೆಕೆಂಡಿಗೆ ಇಡಿ. ಇದೇ ಬೆಳಕನ್ನು ಎಫ್ 11 ಮತ್ತು 1/250, ಅಥವಾ ಎಫ್ 8 ಮತ್ತು 1/500 ಎಂದೂ ಪಡೆಯಬಹುದು. ಮೂರರಲ್ಲೂ ಬೆಳಕು ಒಂದೇ, ಆದರೆ ಚಿತ್ರ ಬೇರೆಬೇರೆ. ಗಾಳಿಗೆ ತೂಗುವ ರಾಗಿ ತೆನೆ ಅಲುಗದೆ ನಿಲ್ಲಬೇಕಾದರೆ 1/500 ಬೇಕು. ದ್ರಾಕ್ಷಿ ಚಪ್ಪರದ ಹತ್ತಿರದ ಗೊಂಚಲಿನಿಂದ ಹಿಡಿದು ಕೊನೆಯ ಕಂಬದವರೆಗೂ ಸ್ಪಷ್ಟವಾಗಿ ಕಾಣಬೇಕಾದರೆ ಎಫ್ 16 ಬೇಕು. ಸಂಜೆ ಮನೆಯೊಳಗೆ ಅಜ್ಜಿ ಮೊರದಲ್ಲಿ ಕಾಳು ಕೇರುತ್ತಿದ್ದರೆ, ಕಂಡಿಯನ್ನು ಪೂರ್ತಿ ತೆರೆದರೂ ಬೆಳಕು ಸಾಲದು. ಆಗ ಐಎಸ್‌ಒ ಅನ್ನು 1600ಕ್ಕೆ ಏರಿಸಬೇಕು. ಅದರ ಬೆಲೆಯಾಗಿ ಚಿತ್ರದಲ್ಲಿ ಸಣ್ಣ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಅಲುಗಿದ ಚಿತ್ರಕ್ಕಿಂತ ಕಾಳುಬಿದ್ದ ಚಿತ್ರವೇ ಮೇಲು.

ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ. ಆದರೂ ಪ್ರೊ ಎಂಬ ಭಾಗವಿದ್ದರೆ ಉಳಿದ ಎರಡು ಕೀಲಿಗಳನ್ನು ಅದರಲ್ಲೇ ಅಭ್ಯಾಸ ಮಾಡಬಹುದು.

ಕ್ಯಾಮೆರಾ ಎಲ್ಲಿ ಮೋಸ ಹೋಗುತ್ತದೆ?

ಕ್ಯಾಮೆರಾದ ಮೀಟರಿಗೆ ಎದುರಿಗಿರುವುದು ಏನೆಂದು ಗೊತ್ತಿರುವುದಿಲ್ಲ. ಎಲ್ಲವೂ ನಡುಬೂದು ಬಣ್ಣದ್ದೆಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ಹಾಗಾಗಿ ಬಿಳಿ ಉಡುಪಿನ ಮದುಮಗಳು ಚೌಕಟ್ಟನ್ನು ತುಂಬಿ ನಿಂತರೆ ಆ ಬಟ್ಟೆ ಮಾಸಿದ ಬೂದಿಯಾಗುತ್ತದೆ. ಕರಿಯ ಮೇಕೆಯೊಂದು ತುಂಬಿದರೆ ಅದೂ ಬೂದಿಯೇ. ಬಿಳಿಯದಕ್ಕೆ ಬೆಳಕನ್ನು ಒಂದು ಮೆಟ್ಟಿಲು ಹೆಚ್ಚಿಸಿ, ಕರಿಯದಕ್ಕೆ ಒಂದು ಮೆಟ್ಟಿಲು ಇಳಿಸಿ. ನಂದಿಬೆಟ್ಟದ ಮಂಜಿಗೂ ಬಿಳಿ ಬಟ್ಟೆಯ ನಿಯಮವೇ.

ಬಣ್ಣದ ವಿಷಯದಲ್ಲೂ ಹೀಗೆಯೇ. ನಡುಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳೆಯ ಹಳದಿ ಬಲ್ಬಿನದು ಸುಮಾರು 3000. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ನಾವು ಹೇಳಿಕೊಡಬೇಕು. ವೈಟ್ ಬ್ಯಾಲೆನ್ಸ್ ಎಂಬ ಸೆಟ್ಟಿಂಗ್ ಇರುವುದು ಇದಕ್ಕೇ.

ಯಂತ್ರ ಎಷ್ಟೇ ಜಾಣವಾಗಿದ್ದರೂ, ಇದು ಬಿಳಿ, ಇದು ಕಪ್ಪು ಎಂದು ಬಲ್ಲವರು ನೀವು. ಎದುರಿಗಿದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಎರಡನೆಯ ಪಾಠಕ್ಕೆ ಇದೇ ತಳಹದಿ.

ತಿದ್ದುವುದು ಎಲ್ಲಿಯವರೆಗೆ?

ಎಡಿಟಿಂಗ್ ಎಂದರೇ ಮೋಸ ಎನ್ನುವ ಹಿರಿಯರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಫಿಲ್ಮಿನ ಕಾಲದಲ್ಲೂ ಕತ್ತಲಕೋಣೆಯಲ್ಲಿ ಕಾಗದದ ಮೇಲೆ ಬೆಳಕು ಬೀಳುವಾಗ ಕೈಯನ್ನು ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಇನ್ನೊಂದನ್ನು ಗಾಢವಾಗಿಸುತ್ತಿದ್ದರು. ಕ್ಯಾಮೆರಾ ತಪ್ಪಾಗಿ ಕಂಡದ್ದನ್ನು ಕಣ್ಣು ಕಂಡಂತೆ ಸರಿಪಡಿಸುವುದು ನ್ಯಾಯವಾದ ಕೆಲಸ.

ಕೆಲಸದ ಕ್ರಮ ಹೀಗಿರಲಿ. ಮೊದಲು ಮೂಲಚಿತ್ರವನ್ನು ಹಾಗೇ ಉಳಿಸಿ, ಒಂದು ಪ್ರತಿಯ ಮೇಲೆ ಮಾತ್ರ ತಿದ್ದಿ. ಓರೆಯಾದದ್ದನ್ನು ನೇರಮಾಡಿ, ಬೇಡದ ಅಂಚನ್ನು ಕತ್ತರಿಸಿ. ಆಮೇಲೆ ಬಣ್ಣ, ಆಮೇಲೆ ಬೆಳಕು ನೆರಳು, ಎಲ್ಲಕ್ಕೂ ಕೊನೆಗೆ ಮೊನಚು. ಕ್ಯಾಮೆರಾದಲ್ಲಿ ರಾ ಎಂಬ ಕಡತ ಸಿಗುವುದಾದರೆ ಅದರಲ್ಲೇ ತೆಗೆಯಿರಿ. ಸಾಮಾನ್ಯ ಜೆಪೆಗ್ ಕಡತ ಪ್ರತಿ ಮೂಲವರ್ಣಕ್ಕೂ 256 ಮಟ್ಟಗಳನ್ನು ಹಿಡಿದಿಟ್ಟರೆ, 14 ಬಿಟ್ಟಿನ ರಾ ಕಡತ 16,384 ಮಟ್ಟಗಳನ್ನು ಹಿಡಿಯುತ್ತದೆ. ತಿದ್ದಲು ಅಷ್ಟು ಹೆಚ್ಚು ಅವಕಾಶ. ಆದರೂ ಸುಟ್ಟು ಬೆಳ್ಳಗಾದ ಆಕಾಶವನ್ನು ಯಾವ ಕಡತವೂ ಮರಳಿ ಕೊಡಲಾರದು. ಗಿಂಪ್, ಡಾರ್ಕ್‌ಟೇಬಲ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ; ಕಳ್ಳಪ್ರತಿಗಳ ಗೊಡವೆ ಬೇಡ.

ಹಾಗಾದರೆ ಗಡಿ ಯಾವುದು? 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರು ತಾವೇ ಕೊಟ್ಟ ಒಂದು ಬಹುಮಾನವನ್ನು ಹಿಂದಕ್ಕೆ ಪಡೆದರು. ಆ ಚಿತ್ರವನ್ನು ಬಹಳಷ್ಟು ಕತ್ತರಿಸಲಾಗಿತ್ತು, ಕಪ್ಪುಬಿಳುಪು ಮಾಡಿ ಗಾಢವಾಗಿಸಲಾಗಿತ್ತು. ಬಹುಮಾನ ಹೋದದ್ದು ಅದಕ್ಕಲ್ಲ. ಹಿನ್ನೆಲೆಯಲ್ಲಿ ಕಾಣುತ್ತಿದ್ದ ಒಬ್ಬರ ಪಾದದ ತುಣುಕನ್ನು ಅಳಿಸಿದ್ದಕ್ಕೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮವೂ ಇಂಥದ್ದೇ: ಕತ್ತರಿಸಬಹುದು, ದೂಳಿನ ಚುಕ್ಕೆ ತೆಗೆಯಬಹುದು, ಚಿತ್ರದೊಳಗಿನ ವಸ್ತುವನ್ನು ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಹಕ್ಕಿಗಳ ಚಿತ್ರ ತೆಗೆಯಲು ಹೊರಡುವ ಮಕ್ಕಳು ಇದನ್ನು ಮೊದಲ ದಿನವೇ ತಿಳಿದಿರಲಿ.

ಮೂರ್ತಿಯವರು ಬಿಸಿಲನ್ನು ಕನ್ನಡಿಯಿಂದ ತಿರುಗಿಸಿದ್ದು ಮೋಸವಲ್ಲವೇ ಎಂದು ಯಾರಾದರೂ ಕೇಳಬಹುದು. ಸಿನಿಮಾ ಕಥೆಯೆಂದು ನೋಡುವವರಿಗೆ ಗೊತ್ತಿದೆ. ಅಲ್ಲಿ ಯಾರೂ ಮೋಸ ಹೋಗುವುದಿಲ್ಲ. ಹೀಗೆ ನಡೆಯಿತು ಎಂದು ಹೇಳಿ ತೋರಿಸುವ ಚಿತ್ರ ಬೇರೆ. ಅದು ಸಾಕ್ಷಿ. ಸುಳ್ಳುಸಾಕ್ಷಿ ಬೇಡವೆನ್ನುವ ಎಂಟನೆಯ ಆಜ್ಞೆ ನಾಲಿಗೆಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ. ಈಗಂತೂ ಪಕ್ಕದಲ್ಲಿ ನಿಂತವರನ್ನು ಅಳಿಸಲು ಫೋನಿನ ಮೇಲೆ ಒಂದು ಬೆರಳು ಆಡಿಸಿದರೆ ಸಾಕು.

ಎರಡು ನಿದರ್ಶನಗಳು

ಒಂದು, ಮನೆಯೊಳಗಿನದು. ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳ ಮೈಬಣ್ಣವನ್ನು ಎರಡು ಪಾಲು ಬೆಳ್ಳಗೆ ಮಾಡುವ ರೂಢಿ ನಮ್ಮಲ್ಲಿದೆ. ಗಂಡಿನ ಮನೆಗೆ ಕಳಿಸುವ ಫೋಟೋದಲ್ಲಂತೂ ಕೇಳುವುದೇ ಬೇಡ. ಹುಡುಗಿಯ ಮುಖದ ಮೊಡವೆಯನ್ನು ತೆಗೆಯಿರಿ, ಚಿಂತೆಯಿಲ್ಲ. ಅದು ವಾರದಲ್ಲಿ ತಾನೇ ಹೋಗುತ್ತದೆ. ಮಚ್ಚೆಯನ್ನೂ ಮೈಬಣ್ಣವನ್ನೂ ಮುಟ್ಟಬೇಡಿ, ಅವು ಅವಳವು. ಬೆಳ್ಳಗೆ ಮಾಡಿಕೊಟ್ಟ ಚಿತ್ರ ಆ ಹುಡುಗಿಗೆ ಏನು ಹೇಳುತ್ತದೆ? ಇರುವ ಹಾಗೆ ನೀನು ಸಾಲದು ಎಂದಲ್ಲವೇ? ಗಿರಾಕಿ ಒತ್ತಾಯಿಸಿದರೆ ನಯವಾಗಿ ತಿಳಿಸಿ ಹೇಳಿ. ತಂದೆತಾಯಂದಿರೇ, ಒತ್ತಾಯಿಸುವ ಗಿರಾಕಿ ನೀವಾಗಬೇಡಿ.

ಎರಡು, ಊರಿನದು. ಇದೇ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷಕ್ಕೂ ಮೀರಿ ಅದು ನಡೆಯಿತು. 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಇದು ಬೆಳೆ ಕೊಡುವ ಭೂಮಿ, ಇದೇ ನಮ್ಮ ಬದುಕು ಎಂಬುದು ರೈತರ ಮುಖ್ಯ ಮಾತಾಗಿತ್ತು. ಇಂಥ ಹೊತ್ತಿನಲ್ಲಿ ಒಂದು ಹೊಲದ ಚಿತ್ರ ಎಷ್ಟು ತೂಗುತ್ತದೆಂದು ಯೋಚಿಸಿ. ಬಣ್ಣದ ಪಟ್ಟಿಯನ್ನು ಒಂದು ಕಡೆ ಎಳೆದರೆ ಅದೇ ಹೊಲ ಹಚ್ಚಹಸಿರು. ಇನ್ನೊಂದು ಕಡೆ ಎಳೆದರೆ ಬರಡು. ಧರಣಿಯಲ್ಲಿ ಕೂತ ನೂರು ಮಂದಿಯನ್ನು ನಕಲು ಮಾಡಿ ಅಂಟಿಸಿದರೆ ಸಾವಿರ. ರೈತರ ಮೇಲಿನ ಪ್ರೀತಿಯಿಂದಲೇ ಒಬ್ಬ ಹುಡುಗ ಹೀಗೆ ಮಾಡಿದ ಎಂದಿಟ್ಟುಕೊಳ್ಳಿ. ಒಂದು ಸುಳ್ಳು ಬಯಲಾದ ದಿನ, ನಿಜವಾಗಿ ತೆಗೆದ ಉಳಿದ ತೊಂಬತ್ತೊಂಬತ್ತು ಚಿತ್ರಗಳನ್ನೂ ಯಾರೂ ನಂಬುವುದಿಲ್ಲ. ನ್ಯಾಯ ನಮ್ಮ ಕಡೆ ಇದ್ದಾಗಲೇ ಸಾಕ್ಷಿ ಹೆಚ್ಚು ಶುದ್ಧವಾಗಿರಬೇಕು.

ಈ ವಾರದ ಅಭ್ಯಾಸ

1. ಒಂದೇ ಹೊಲ ಅಥವಾ ಒಂದೇ ಅಂಗಳದ ಚಿತ್ರವನ್ನು ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 5ಕ್ಕೆ ತೆಗೆಯಿರಿ. ಪ್ರತಿ ಸಲವೂ ಅಪರ್ಚರ್, ಷಟರ್, ಐಎಸ್‌ಒ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೆರಳು ಯಾವ ಕಡೆ ಬಿತ್ತೆಂದೂ ಬರೆಯಿರಿ.

2. ಒಂದು ಬಿಳಿ ಪಂಚೆ, ಒಂದು ಕರಿಯ ಕಂಬಳಿ ಹರಡಿ, ಎರಡರ ಚಿತ್ರವನ್ನೂ ಕ್ಯಾಮೆರಾ ಹೇಳಿದಂತೆ ಒಮ್ಮೆ, ನಿಮ್ಮ ತಿದ್ದುಪಡಿಯೊಂದಿಗೆ ಒಮ್ಮೆ ತೆಗೆದು ಹೋಲಿಸಿ.

3. ಮನೆಯವರೊಬ್ಬರ ಚಿತ್ರವನ್ನು ಅವರ ಒಪ್ಪಿಗೆ ಕೇಳಿ ತೆಗೆಯಿರಿ. ತಿದ್ದಿದ ಮೇಲೆ ಮೂಲವನ್ನೂ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅವರಿಗೇ ತೋರಿಸಿ, ಇದು ನೀವೇ ತಾನೆ ಎಂದು ಕೇಳಿ.

4. ಮನೆಮಂದಿಯೆಲ್ಲ ಕೂತು ಮಾತಾಡಿ: ನಮ್ಮ ಮನೆಯ ಗೋಡೆಯ ಮೇಲಿನ ಯಾವ ಚಿತ್ರ ನಮಗೆ ಹೆಚ್ಚು ಪ್ರಿಯ? ಅದು ಅಂದವಾಗಿದೆಯೆಂದೇ, ಇಲ್ಲ ನಿಜವಾಗಿದೆಯೆಂದೇ?

ಪ್ರಿಯ ವಿದ್ಯಾರ್ಥಿಗಳೇ, ಮೂರು ಕೀಲಿಗಳು ಆರು ತಿಂಗಳಲ್ಲಿ ಕೈಗೆ ಹತ್ತುತ್ತವೆ. ತಿದ್ದುವ ತಂತ್ರಾಂಶ ಇನ್ನಾರು ತಿಂಗಳಲ್ಲಿ ಬರುತ್ತದೆ. ಈ ಹುಡುಗ ತೆಗೆದ ಚಿತ್ರವೆಂದರೆ ಅದು ಹಾಗೆಯೇ ನಡೆದಿರಬೇಕು, ಈ ಹುಡುಗಿ ತೆಗೆದಳೆಂದರೆ ನಂಬಬಹುದು ಎಂಬ ಮಾತು ಊರಿನಲ್ಲಿ ಬರಲು ವರ್ಷಗಳು ಬೇಕು. ಕಳೆದುಕೊಳ್ಳಲು ಒಂದೇ ಚಿತ್ರ ಸಾಕು. ಆ ಮಾತನ್ನು ಸಂಪಾದಿಸಿಕೊಳ್ಳಿ.